ಮನೆಯ ಎಳೆಯ ಜೀವಕ್ಕೆ ಕಾವಲಾಗೋಣ



ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕಫೆರ್ನವುಮ್ ಊರಿನ ಒಂದು ಮನೆ. ಒಳಗೆ ಯೇಸುಸ್ವಾಮಿ ಬೋಧಿಸುತ್ತಿದ್ದಾರೆ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಸಮೇತ ಹೊತ್ತು ತರುತ್ತಾರೆ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಅವರು ಮಾಳಿಗೆ ಹತ್ತುತ್ತಾರೆ, ಸೂರು ಬಿಚ್ಚುತ್ತಾರೆ, ರೋಗಿಯನ್ನು ಸ್ವಾಮಿಯ ಮುಂದೆ ಇಳಿಸುತ್ತಾರೆ. ಆ ನಾಲ್ವರ ವಿಶ್ವಾಸವನ್ನು ನಾವು ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಇಂದು ಬಾಗಿಲಲ್ಲಿ ನಿಂತಿದ್ದ ಆ ಜನರ ಕಡೆಗೆ ಒಂದು ಗಳಿಗೆ ನೋಡೋಣ.

ಅವರು ಕೆಟ್ಟವರಲ್ಲ. ದೇವರ ವಾಕ್ಯ ಕೇಳಲು ಭಕ್ತಿಯಿಂದ ಬಂದವರು. ಯಾರ ಮೇಲೂ ಅವರಿಗೆ ದ್ವೇಷವಿರಲಿಲ್ಲ. ಆದರೂ ಅವರು ನಿಂತಿದ್ದ ಕಾರಣಕ್ಕೇ ಒಬ್ಬ ರೋಗಿ ಒಳಗೆ ಹೋಗಲಾರದೆ ಹೋದ. ಸ್ವಲ್ಪ ಸರಿದು ನಿಲ್ಲಬೇಕೆಂದು ಅವರಿಗೆ ಹೊಳೆಯಲಿಲ್ಲ. ಒಳ್ಳೆಯವರು ಅಡ್ಡಿಯಾಗುವುದು ಹೀಗೆಯೇ. ಕೆಟ್ಟ ಮನಸ್ಸಿನಿಂದಲ್ಲ, ಯೋಚನೆ ಸಾಲದೆ. ನಮ್ಮ ಕುಟುಂಬಗಳಲ್ಲಿ, ನಮ್ಮ ಬಂಧುಬಳಗದಲ್ಲಿ ಕಾಯಿಲೆಯ ಮಗುವೊಂದು ಇದ್ದಾಗ ನಾವು ಎಲ್ಲಿ ನಿಂತಿರುತ್ತೇವೆ? ಆ ನಾಲ್ವರ ಜೊತೆಯಲ್ಲೋ, ಬಾಗಿಲಲ್ಲೋ? ಇಂದಿನ ನಮ್ಮ ಚಿಂತನೆ ಇದು.

ಬೆಳಗಾದರೆ ಏಳಲಾರದ ಮಗು

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿದದ್ದು 1996ರಲ್ಲಿ, ಅಲ್ಲಿ ಹುಟ್ಟಿದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಯಾದಾಗ. ಪತ್ರಿಕೆಗಳಲ್ಲಿ ಹೆಸರು ಬಂದರೂ ಹಳ್ಳಿಯ ಬಾಳು ಹಳ್ಳಿಯ ಬಾಳೇ. ಆ ಊರಿನಲ್ಲೋ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಅಂಥದೇ ಇನ್ನೊಂದು ಊರಿನಲ್ಲೋ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಜ್ಜಿ, ತಾತ, ಮಗ, ಸೊಸೆ, ಶಾಲೆಗೆ ಹೋಗುವ ಒಬ್ಬ ಹುಡುಗ, ಅವನ ತಂಗಿ. ತಂಗಿಗೆ ಆರು ವರ್ಷ.

ಒಂದು ದಿನ ಬೆಳಿಗ್ಗೆ ಆ ಮಗು ಚಾಪೆಯಿಂದ ಏಳಲಾರದೆ ಅಳುತ್ತದೆ. ಮಂಡಿ ಊದಿಕೊಂಡಿದೆ. ಬಿಸಿಲೇರುವ ಹೊತ್ತಿಗೆ ಕುಂಟುತ್ತಾ ನಡೆಯುತ್ತದೆ. ಮಧ್ಯಾಹ್ನಕ್ಕೆ ಬೀದಿಯಲ್ಲಿ ಆಡುತ್ತಿರುತ್ತದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಪಾಡು. ‘ಎಲ್ಲೋ ಬಿದ್ದಿರಬೇಕು’ ಎನ್ನುತ್ತಾರೆ ಒಬ್ಬರು. ‘ಶಾಲೆ ತಪ್ಪಿಸಿಕೊಳ್ಳಲು ನಾಟಕ’ ಎನ್ನುತ್ತಾರೆ ಇನ್ನೊಬ್ಬರು. 2006ರಲ್ಲಿ ಕರ್ನಾಟಕದಲ್ಲೆಲ್ಲ ಹಬ್ಬಿದ ಚಿಕೂನ್‌ಗುನ್ಯಾವನ್ನು ನೆನೆದು ‘ಅದೇ ಇರಬೇಕು, ತಾನಾಗಿ ಹೋಗುತ್ತದೆ’ ಎನ್ನುವವರೂ ಉಂಟು. ಎಣ್ಣೆ ತಿಕ್ಕಿ, ಪಟ್ಟು ಹಾಕಿ ತಿಂಗಳುಗಳು ಕಳೆಯುತ್ತವೆ. ಕೊನೆಗೆ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋದಾಗ ಕಾಯಿಲೆಯ ಹೆಸರು ತಿಳಿಯುತ್ತದೆ: ಮಕ್ಕಳ ಸಂಧಿವಾತ.

ಇದು ಕಲ್ಪನೆಯ ಮನೆ. ಆದರೆ ಇಂಥ ಮನೆಗಳು ನಮ್ಮ ನಡುವೆ ಇವೆ. ಸಂಧಿವಾತ ಎಂದರೆ ಮುದುಕರ ಕಾಯಿಲೆ ಎಂದೇ ನಾವು ತಿಳಿದಿದ್ದೇವೆ. ಹಾಗಲ್ಲ. ಹದಿನಾರು ವರ್ಷ ತುಂಬುವ ಮೊದಲೇ ಶುರುವಾಗಿ, ಆರು ವಾರಕ್ಕೂ ಹೆಚ್ಚು ಕಾಲ ಉಳಿಯುವ, ಬೇರೆ ಯಾವ ಕಾರಣವೂ ಕಾಣದ ಕೀಲುಬಾವನ್ನು ವೈದ್ಯರು ಈ ಹೆಸರಿನಿಂದ ಕರೆಯುತ್ತಾರೆ. ಕೆಲವು ಮಕ್ಕಳಲ್ಲಿ ಒಂದೆರಡು ಕೀಲುಗಳಷ್ಟೇ ಊದುತ್ತವೆ. ಕೆಲವರಲ್ಲಿ ಐದಕ್ಕಿಂತ ಹೆಚ್ಚು. ಇನ್ನು ಕೆಲವರಲ್ಲಿ ದಿನವೂ ಏರಿಳಿಯುವ ಜ್ವರ, ಮೈಮೇಲೆ ದದ್ದು ಕೂಡ ಬರುತ್ತವೆ. ನೋವೂ ಇಲ್ಲದೆ, ಕೆಂಪೂ ಆಗದೆ ಕಣ್ಣಿನೊಳಗೆ ಉರಿಯೂತವಾಗುವುದೂ ಉಂಟು. ಆದ್ದರಿಂದ ಮಗು ಚೆನ್ನಾಗಿ ಕಾಣುತ್ತಿದ್ದರೂ ಕಣ್ಣಿನ ವೈದ್ಯರಲ್ಲಿ ಕಾಲಕಾಲಕ್ಕೆ ತೋರಿಸಬೇಕು.

ಎರಡು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು: ಈ ಕಾಯಿಲೆ ಅಂಟುವುದಿಲ್ಲ. ಇಂಥ ಮಗುವಿನ ಪಕ್ಕದಲ್ಲಿ ಕುಳಿತರೆ, ಒಟ್ಟಿಗೆ ಉಂಡರೆ, ಕೈಹಿಡಿದು ಆಡಿದರೆ ಬೇರೆ ಮಕ್ಕಳಿಗೆ ಏನೂ ಆಗುವುದಿಲ್ಲ. ಎರಡನೆಯದು: ಇದು ಯಾರ ಪಾಪದ ಫಲವೂ ಅಲ್ಲ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ಸಂತ ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಈ ತಾಯಂದಿರು ಮತ್ತೆ ಮತ್ತೆ ಓದಬೇಕು. ಅವರಿಗಿಂತ ಮೊದಲು ಅವರ ನೆರೆಹೊರೆಯವರು ಓದಬೇಕು.

ಮದ್ದು ಮತ್ತು ಬೇಲಿ

ದೇಹದಲ್ಲಿ ರೋಗಗಳ ವಿರುದ್ಧ ಹೋರಾಡುವ ಒಂದು ಶಕ್ತಿಯನ್ನು ದೇವರು ಇಟ್ಟಿದ್ದಾರೆ. ಹೊಲಕ್ಕೆ ಬೇಲಿ ಇದ್ದಂತೆ ಅದು. ಸಂಧಿವಾತದ ಮಗುವಿನಲ್ಲಿ ಈ ಶಕ್ತಿಯೇ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇದಂತೆ. ಆದ್ದರಿಂದ ವೈದ್ಯರು ಆ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ. ಮೆಥೊಟ್ರೆಕ್ಸೇಟ್ ಎಂಬುದು ಅಂಥದೊಂದು. ಸಾಮಾನ್ಯವಾಗಿ ಇದನ್ನು ವಾರಕ್ಕೆ ಒಂದೇ ಸಲ ಕೊಡುತ್ತಾರೆ. ತಪ್ಪಿ ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕೆಲವರಿಗೆ ಸ್ವಲ್ಪ ಕಾಲ ಸ್ಟೀರಾಯ್ಡ್ ಬೇಕಾಗುತ್ತದೆ. ಇನ್ನು ಕೆಲವರಿಗೆ ಬಯೋಲಾಜಿಕ್ ಎಂಬ ಹೊಸ ಬಗೆಯ ಚುಚ್ಚುಮದ್ದು.

ಈ ಔಷಧಗಳಿಂದ ಇಂದು ಎಷ್ಟೋ ಮಕ್ಕಳು ನಡೆಯುತ್ತಾರೆ, ಓಡುತ್ತಾರೆ, ಶಾಲೆಗೆ ಹೋಗುತ್ತಾರೆ. ಹಿಂದಿನ ಕಾಲದಲ್ಲಿ ಕೈಕಾಲು ಸೊಟ್ಟಗಾಗಿ ಮೂಲೆ ಹಿಡಿಯಬೇಕಾಗಿದ್ದ ಮಕ್ಕಳು ಇಂದು ನೆಟ್ಟಗೆ ನಿಲ್ಲುತ್ತಾರೆ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದಾರೆ, ಮದ್ದನ್ನು ಭೂಮಿಯಿಂದ ಹುಟ್ಟಿಸಿದವರು ಅವರೇ ಎಂಬ ಅರ್ಥದ ಮಾತು ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿ ಇದೆ. ಆದರೆ ಬೇಲಿಯನ್ನು ತಗ್ಗಿಸಿದ ಮೇಲೆ ಹೊಲಕ್ಕೆ ಕಾವಲುಗಾರ ಬೇಕು. ಬೇರೆ ಮಕ್ಕಳಿಗೆ ಒಂದು ವಾರದ ತೊಂದರೆಯಾಗಿ ಹೋಗುವ ಸೋಂಕು ಈ ಮಗುವಿಗೆ ಆಸ್ಪತ್ರೆಯ ಹಾಸಿಗೆಯನ್ನು ತೋರಿಸಬಹುದು. ಸೋಂಕಿನ ಹಿಂದೆಯೇ ತಣ್ಣಗಾಗಿದ್ದ ಕೀಲುನೋವು ಮತ್ತೆ ಕೆರಳಬಹುದು. ಈ ಕಾವಲುಗಾರ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಆ ಕೆಲಸ ಮನೆಯವರದು.

ಪ್ರೀತಿಯ ಜೊತೆಯಲ್ಲೇ ಬರುವ ಸೋಂಕು

ಈ ಮಗುವಿಗೆ ಸೋಂಕು ಬರುವುದು ಹೆಚ್ಚಾಗಿ ಅಪರಿಚಿತರಿಂದಲ್ಲ, ಪ್ರೀತಿಸುವವರಿಂದ. ಶಾಲೆಯಿಂದ ಬಂದ ಅಣ್ಣ ಕೈತೊಳೆಯದೆ ತಂಗಿಯ ತಟ್ಟೆಗೆ ಕೈಹಾಕುತ್ತಾನೆ. ನೆಗಡಿಯಾದ ಚಿಕ್ಕಪ್ಪ ಎತ್ತಿಕೊಂಡು ಮುದ್ದಿಸುತ್ತಾರೆ. ತಿಂಗಳಿಂದ ಕೆಮ್ಮುತ್ತಿರುವ ತಾತ ಒಂದೇ ಕಂಬಳಿಯಲ್ಲಿ ಮಲಗಿಸಿಕೊಳ್ಳುತ್ತಾರೆ. ಹಬ್ಬಕ್ಕೆಂದು ಬಂದ ದೊಡ್ಡಮ್ಮನ ಮಕ್ಕಳ ಮೈಯಲ್ಲಿ ಜ್ವರದ ಬಿಸಿ. ಇವರಾರೂ ವೈರಿಗಳಲ್ಲ. ಕಫೆರ್ನವುಮಿನ ಬಾಗಿಲಲ್ಲಿ ನಿಂತವರಂತೆ ಎಲ್ಲರೂ ಒಳ್ಳೆಯವರೇ.

ಈಗ ಆ ಸೊಸೆಯ ಸಂಕಟವನ್ನು ಯೋಚಿಸಿ. ‘ಅತ್ತೆ, ನಿಮಗೆ ಕೆಮ್ಮಿದೆ, ಮಗೂನ ಎತ್ಕೋಬೇಡಿ’ ಎಂದು ಅವಳು ಹೇಳಬೇಕು. ‘ನನ್ನ ಮೊಮ್ಮಗಳನ್ನ ನಾನೇ ಎತ್ಕೋಬಾರ್ದಾ?’ ಎಂಬ ಮಾತು ಬರುತ್ತದೆ. ಮನೆಗೆ ಬಂದ ನೆಂಟರನ್ನು ‘ಜ್ವರ ಇದ್ರೆ ಇವತ್ತು ಬೇಡಿ, ಇನ್ನೊಂದು ದಿನ ಬನ್ನಿ’ ಎಂದರೆ ‘ಸೊಕ್ಕು’ ಎನ್ನುತ್ತಾರೆ. ಮದುವೆಗೆ ಹೋಗದಿದ್ದರೆ ತವರಿನವರು ಮುನಿಸಿಕೊಳ್ಳುತ್ತಾರೆ. ಒಂದು ಕಡೆ ಮಗುವಿನ ಪ್ರಾಣ, ಇನ್ನೊಂದು ಕಡೆ ಬಂಧುಗಳ ಮನಸ್ಸು. ಎಷ್ಟೋ ತಾಯಂದಿರು ಇವೆರಡರ ನಡುವೆ ಒಬ್ಬಂಟಿಯಾಗಿ ನಿಂತಿದ್ದಾರೆ. ಈ ಮಾತನ್ನು ಸೊಸೆಯ ಬಾಯಿಗೆ ಬಿಡಬಾರದು. ಮಗ ಹೇಳಬೇಕು, ಮನೆಯ ಹಿರಿಯರು ಹೇಳಬೇಕು. ಅಜ್ಜಿಯೇ ಮುಂದಾಗಿ, ‘ನಂಗೆ ಕೆಮ್ಮು ಕಣವ್ವಾ, ಇವತ್ತು ನಾನು ಜಗಲಿ ಮೇಲೆ ಕೂತ್ಕೊಂಡು ಕತೆ ಹೇಳ್ತೀನಿ, ನೀನು ಒಳಗಿಂದ ಕೇಳು’ ಎಂದರೆ, ಆ ಮಾತಿಗಿಂತ ದೊಡ್ಡ ಮುದ್ದು ಯಾವುದಿದೆ?

ಬಲವುಳ್ಳವರು ಬಿಟ್ಟುಕೊಡಲಿ

ಕೊರಿಂಥದ ಕ್ರೈಸ್ತರಲ್ಲಿ ಒಂದು ವಾಗ್ವಾದ ಇತ್ತು. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ, ಬಾರದೇ? ತಿಳಿವಳಿಕೆಯುಳ್ಳವರು, ‘ವಿಗ್ರಹದಲ್ಲಿ ಏನೂ ಇಲ್ಲ, ತಿಂದರೇನು ತಪ್ಪು’ ಎನ್ನುತ್ತಿದ್ದರು. ಸಂತ ಪೌಲರು ಅವರ ತರ್ಕವನ್ನು ಅಲ್ಲಗಳೆಯಲಿಲ್ಲ. ಆದರೆ ತಮ್ಮ ಊಟದಿಂದ ದುರ್ಬಲನಾದ ಒಬ್ಬ ಸೋದರನಿಗೆ ಕೇಡಾಗುವುದಾದರೆ ತಾವು ಮಾಂಸವನ್ನೇ ಮುಟ್ಟುವುದಿಲ್ಲ ಎಂದು ಬರೆದರು. ಮೊದಲನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ನೋಡಬಹುದು. ಅದೇ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂದು ಕಲಿಸಿದರು.

ಕ್ರೈಸ್ತ ಕುಟುಂಬದ ನಿಯಮ ಇದೇ. ದುರ್ಬಲನು ಬಲಿಷ್ಠರ ವೇಗಕ್ಕೆ ಓಡಬೇಕಾಗಿಲ್ಲ. ಬಲಿಷ್ಠರು ದುರ್ಬಲನಿಗಾಗಿ ತಮ್ಮ ಹಕ್ಕನ್ನು ಬಿಡಬೇಕು. ಮೊಮ್ಮಗಳನ್ನು ಎತ್ತಿಕೊಳ್ಳುವುದು ಅಜ್ಜಿಯ ಹಕ್ಕು. ಅಕ್ಕನ ಮನೆಗೆ ಬರುವುದು ತಮ್ಮನ ಹಕ್ಕು. ಆ ಹಕ್ಕನ್ನು ಒಂದು ವಾರ ಮುಂದಕ್ಕೆ ಹಾಕುವುದೇ ಪ್ರೀತಿ. ತಪಸ್ಸುಕಾಲದಲ್ಲಿ ನಾವು ಮಾಂಸ ಬಿಡುತ್ತೇವೆ, ಒಪ್ಪೊತ್ತು ಇರುತ್ತೇವೆ. ಕಾಯಿಲೆಯ ಮಗುವಿಗಾಗಿ ಕೈತೊಳೆಯುವುದು, ದೂರ ಕುಳಿತುಕೊಳ್ಳುವುದು, ಜ್ವರವಿದ್ದಾಗ ಮನೆಯಲ್ಲೇ ಉಳಿಯುವುದು ವರ್ಷವಿಡೀ ನಡೆಯುವ ಉಪವಾಸ.

ಮನೆಯವರು ತಿಳಿದಿರಬೇಕಾದದ್ದು

ಮೊದಲು ಕೈ. ಹೊರಗಿನಿಂದ ಬಂದವರು, ಕೊಟ್ಟಿಗೆಯ ಕೆಲಸ ಮುಗಿಸಿದವರು, ಶೌಚಕ್ಕೆ ಹೋಗಿ ಬಂದವರು, ಅಡಿಗೆಗೆ ಕೂರುವವರು ಸೋಪು ಹಾಕಿ ಕೈತೊಳೆಯಬೇಕು. ನೀರಿನಲ್ಲಿ ಬರಿದೆ ಅದ್ದಿದರೆ ಸಾಲದು. ಒಂದು ಪರಲೋಕ ಜಪ ಹೇಳಿ ಮುಗಿಸುವಷ್ಟು ಹೊತ್ತು ಉಜ್ಜಬೇಕು. ಬಚ್ಚಲ ಬಾಗಿಲಲ್ಲೇ ಸೋಪು ಇದ್ದರೆ ನೆನಪು ತಾನಾಗಿ ಬರುತ್ತದೆ. ಮಗುವಿಗೆ ಬೇರೆ ಲೋಟ, ಬೇರೆ ಟವೆಲ್ ಇರಲಿ. ಕುಡಿಯುವ ನೀರು, ಹಾಲು ಎರಡೂ ಕುದಿದಿರಲಿ.

ಎರಡನೆಯದು ಗಾಳಿ. ಮಳೆಗಾಲದಲ್ಲಿ, ಚಳಿಯಲ್ಲಿ ಕಿಟಕಿಗಳನ್ನೆಲ್ಲ ಬಿಗಿದು ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಮಲಗುವುದು ನಮ್ಮ ರೂಢಿ. ಮನೆಯಲ್ಲಿ ಯಾರಿಗಾದರೂ ನೆಗಡಿ, ಫ್ಲೂ ಜ್ವರ ಬಂದರೆ ಅವರು ಬೇರೆ ಕೋಣೆಯಲ್ಲಿ, ಕಿಟಕಿ ತೆರೆದು ಮಲಗಲಿ. ಬೇರೆ ಕೋಣೆ ಇಲ್ಲದಿದ್ದರೆ ಮಗುವಿನಿಂದ ಆದಷ್ಟು ದೂರದ ಮೂಲೆಯಲ್ಲಿ. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಲಿ, ಮಾಸ್ಕ್ ಧರಿಸಲಿ. ಮಗುವಿಗೆ ಊಟ ಕೊಡುವ ಕೆಲಸ ಆರೋಗ್ಯವಾಗಿರುವವರದಾಗಲಿ.

ಮೂರನೆಯದು ಹಿರಿಯರ ಕೆಮ್ಮು. ‘ತಾತನ ಕೆಮ್ಮು ಹಳೇದು’ ಎಂದು ಬಿಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಕ್ಷಯ ನಮ್ಮ ನಾಡಿನಿಂದ ಇನ್ನೂ ಹೋಗಿಲ್ಲ. ಬಯೋಲಾಜಿಕ್ ಚುಚ್ಚುಮದ್ದುಗಳಲ್ಲಿ ಕೆಲವು, ಮೈಯೊಳಗೆ ಮಲಗಿರುವ ಕ್ಷಯವನ್ನೂ ಎಬ್ಬಿಸಬಲ್ಲವು. ಆದ್ದರಿಂದಲೇ ಅವನ್ನು ಆರಂಭಿಸುವ ಮೊದಲು ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ತಾತ ಪರೀಕ್ಷೆ ಮಾಡಿಸಿಕೊಂಡರೆ ಕಾಪಾಡುವುದು ತಮ್ಮನ್ನು ಮಾತ್ರವಲ್ಲ, ಮೊಮ್ಮಗಳನ್ನೂ.

ನಾಲ್ಕನೆಯದು ಸೀತಾಳೆ ಸಿಡುಬು. ನಮ್ಮ ಕಡೆ ಇದಕ್ಕೆ ‘ಅಮ್ಮ ಆಗಿದೆ’ ಎನ್ನುತ್ತಾರೆ. ಈ ಒಂದು ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ರೋಗಿಯನ್ನು ಬೇರೆ ಮಲಗಿಸಿ, ಹೊರಗಿನವರನ್ನು ಒಳಗೆ ಬಿಡದಿರುವುದು ಹಳೆಯ ರೂಢಿ. ದೂರ ಇಡಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಈ ರೋಗ ಹರಡಲು ಶುರುವಾಗಿರುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ ಹರಡುತ್ತಲೇ ಇರುತ್ತದೆ. ಸೋಂಕು ತಗುಲಿದ ಹತ್ತರಿಂದ ಇಪ್ಪತ್ತೊಂದು ದಿನಗಳಲ್ಲಿ ಇನ್ನೊಬ್ಬರಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಅಣ್ಣನ ಮೈಮೇಲೆ ಮೊದಲ ಗುಳ್ಳೆ ಕಂಡ ದಿನ ತಂಗಿಗೆ ಸೋಂಕು ಆಗಲೇ ತಗುಲಿರಬಹುದು. ‘ಅವಳಿಗೆ ಬಂದರೆ ನೋಡೋಣ’ ಎಂದು ಕಾಯಬಾರದು. ಅಂದೇ ವೈದ್ಯರಿಗೆ ತಿಳಿಸಬೇಕು. ಮಗುವಿಗೆ ಹಿಂದೆ ಈ ರೋಗ ಬಂದಿಲ್ಲದಿದ್ದರೆ, ಲಸಿಕೆಯೂ ಆಗಿಲ್ಲದಿದ್ದರೆ, ಕಾಯಿಲೆ ತಡೆಯುವ ಇಲ್ಲವೇ ಅದರ ತೀವ್ರತೆ ತಗ್ಗಿಸುವ ಮದ್ದುಗಳಿವೆ. ಅವು ಬೇಗ ಕೊಟ್ಟಷ್ಟೂ ಫಲ ಕೊಡುತ್ತವೆ. ತಾತನಿಗೆ ಸರ್ಪಸುತ್ತು ಆಗಿದ್ದರೂ ಎಚ್ಚರ ಬೇಕು. ಎರಡಕ್ಕೂ ಕಾರಣ ಒಂದೇ ರೋಗಾಣು. ಸರ್ಪಸುತ್ತಿನ ಗುಳ್ಳೆಯ ನೀರು ತಗುಲಿದರೆ ಮಗುವಿಗೆ ಸೀತಾಳೆ ಸಿಡುಬು ಬರಬಹುದು. ಆ ಜಾಗವನ್ನು ಬಟ್ಟೆಯಿಂದ ಮುಚ್ಚಿರಲಿ.

ಐದನೆಯದು ಜ್ವರ. ಈ ಔಷಧ ತೆಗೆದುಕೊಳ್ಳುವ ಮಗುವಿಗೆ 100.4 ಡಿಗ್ರಿ ಮುಟ್ಟಿದ ಜ್ವರ ಸಣ್ಣದಲ್ಲ. ವೈದ್ಯರಿಗೆ ಅಂದೇ ಫೋನು ಮಾಡಿ. ಯಾವ ಔಷಧವನ್ನು ಎರಡು ದಿನ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಅವರೇ ಹೇಳಬೇಕು. ಸ್ಟೀರಾಯ್ಡನ್ನು ನಾವಾಗಿ ಥಟ್ಟನೆ ನಿಲ್ಲಿಸುವುದು ಅಪಾಯ. ಅಂಗಡಿಯಿಂದ ಆಸ್ಪಿರಿನ್ ತಂದು ಕೊಡುವುದೂ ಅಪಾಯ. ಮಗುವಿನ ಔಷಧಗಳ ಹೆಸರು, ಪ್ರಮಾಣ, ವೈದ್ಯರ ಫೋನ್ ನಂಬರು ಬರೆದ ಒಂದು ಚೀಟಿ ಗೋಡೆಗೂ ಅಂಟಿರಲಿ, ಪರ್ಸಿನಲ್ಲೂ ಇರಲಿ. ರಾತ್ರಿ ಹೊತ್ತಿನಲ್ಲಿ ಊರಿನ ಡಾಕ್ಟರ ಬಳಿಗೆ ಓಡಬೇಕಾದರೆ ಆ ಚೀಟಿಯೇ ಅರ್ಧ ಚಿಕಿತ್ಸೆ.

ತೋಳಿನಿಂದ ತೋಳಿಗೆ

ಲಸಿಕೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದು ನಮ್ಮ ಸಭೆಯ ಚರಿತ್ರೆಗೂ ಸೇರಿದ್ದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ಸೇವೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಾಸನದ ಸಮೀಪದಲ್ಲೂ ಅವರು ಕ್ರೈಸ್ತ ರೈತರಿಗೆ ನೆಲೆ ಮಾಡಿಕೊಟ್ಟರು. ಆಗ ಮೈಲಿಬೇನೆ ಊರೂರನ್ನು ಬರಿದು ಮಾಡುತ್ತಿತ್ತು. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ 1796ರಲ್ಲಿ ಕಂಡುಹಿಡಿದ ದಾಕು 1802ರಲ್ಲಿ ಮುಂಬಯಿಯನ್ನು ತಲುಪಿತು. ಭಾರತದಲ್ಲಿ ಅದನ್ನು ಮೊದಲು ಹಾಕಿಸಿಕೊಂಡದ್ದು ಮೂರು ವರ್ಷದ ಒಬ್ಬ ಹುಡುಗಿ. ಆಮೇಲಿನ ಒಂದೆರಡು ವರ್ಷಗಳಲ್ಲೇ ದೊಡ್ಡ ಸ್ವಾಮಿಯವರು ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದಾಕು ಹಾಕಿಸುವ ಕೆಲಸಕ್ಕೆ ನಿಂತರು. ಆ ಕಾಲದಲ್ಲಿ ಲಸಿಕೆಯನ್ನು ಕಾಪಿಡುವ ತಂಪು ಪೆಟ್ಟಿಗೆ ಇರಲಿಲ್ಲ. ದಾಕು ಹಾಕಿಸಿಕೊಂಡ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕುತ್ತಿದ್ದರು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಹೀಗೆ ರಕ್ಷಣೆ ನಡೆದುಹೋಯಿತು. ಸಂತ ಪೌಲರು ಹೇಳಿದ ಒಂದೇ ದೇಹದ ಅಂಗಗಳೆಂಬ ಮಾತು ಕಣ್ಣಿಗೆ ಕಾಣುವಂತೆ ನಡೆದದ್ದು ಅದು. 1980ರಲ್ಲಿ ಮೈಲಿಬೇನೆ ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇಂದಿಗೂ ಮಾತು ಅದೇ. ಸಂಧಿವಾತದ ಔಷಧದಲ್ಲಿರುವ ಮಗುವಿಗೆ ಕೆಲವು ಜೀವಂತ ಲಸಿಕೆಗಳನ್ನು ಕೊಡಬಹುದೋ ಇಲ್ಲವೋ ಎಂಬುದನ್ನು ತಜ್ಞ ವೈದ್ಯರೇ ತೀರ್ಮಾನಿಸಬೇಕು. ಆ ಮಗು ತಾನು ಹಾಕಿಸಿಕೊಳ್ಳಲಾಗದ ಲಸಿಕೆಯನ್ನು ಅದರ ಸುತ್ತಲಿನವರು ಹಾಕಿಸಿಕೊಳ್ಳಬೇಕು. ಅಣ್ಣನ ತೋಳಿಗೆ ಬಿದ್ದ ಸೂಜಿ ತಂಗಿಯನ್ನು ಕಾಯುತ್ತದೆ. ದಡಾರ-ರುಬೆಲ್ಲಾ ಲಸಿಕೆ 2017ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರದ ವತಿಯಿಂದಲೇ ಸಿಗುತ್ತದೆ. ಸೀತಾಳೆ ಸಿಡುಬಿನ ಲಸಿಕೆಯನ್ನು ಅಣ್ಣತಮ್ಮಂದಿರಿಗೆ ಕೊಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಫ್ಲೂ ಜ್ವರದ ಚುಚ್ಚುಮದ್ದನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಗುವಿಗೂ ಮನೆಯವರಿಗೂ ಕೊಡಿಸುವ ವಿಷಯವನ್ನೂ ಕೇಳಿ. ಮನೆಯ ಇನ್ನೊಂದು ಕೂಸಿಗೆ ಪೋಲಿಯೊ ಹನಿ ಹಾಕಿಸುವ ಮೊದಲು ಈ ಮಗುವಿನ ಔಷಧದ ವಿಷಯವನ್ನು ಆಶಾ ಕಾರ್ಯಕರ್ತೆಗೆ, ವೈದ್ಯರಿಗೆ ತಿಳಿಸಿ. ನಾವಾಗಿ ಯಾವ ಲಸಿಕೆಯನ್ನೂ ತಪ್ಪಿಸುವುದು ಬೇಡ.

‘ದೇವರು ನೋಡಿಕೊಳ್ಳುತ್ತಾರೆ’

‘ಇಷ್ಟೆಲ್ಲ ಭಯ ಏಕೆ? ವಿಶ್ವಾಸವಿದ್ದರೆ ದೇವರು ನೋಡಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ದೇವರು ನೋಡಿಕೊಳ್ಳುತ್ತಾರೆ, ನಿಜ. ಆದರೆ ದೇವಾಲಯದ ಶಿಖರದ ಮೇಲೆ ಯೇಸುಸ್ವಾಮಿಯನ್ನು ನಿಲ್ಲಿಸಿ, ದೂತರು ಹಿಡಿದುಕೊಳ್ಳುತ್ತಾರೆ, ಧುಮುಕು ಎಂದವನು ಯಾರು? ಸೈತಾನನು. ದೇವರನ್ನು ಪರೀಕ್ಷಿಸಬಾರದೆಂದು ಸ್ವಾಮಿ ಆ ಮಾತನ್ನು ತಳ್ಳಿದರು. ಮೆಟ್ಟಿಲು ಇರುವಾಗ ಧುಮುಕುವುದು ವಿಶ್ವಾಸವಲ್ಲ. ಸೋಪು, ಲಸಿಕೆ, ವೈದ್ಯರು ಇರುವಾಗ ಅವನ್ನು ಬಿಟ್ಟು ಅದ್ಭುತ ಕೇಳುವುದು ಶಿಖರದಿಂದ ಧುಮುಕಿದಂತೆ. ಬೆಳಿಗ್ಗೆ ಜಪ ಮಾಡಿ, ಕೈತೊಳೆದು, ಗುಳಿಗೆ ಕೊಡುವ ತಾಯಿಯ ವಿಶ್ವಾಸ ಕಡಿಮೆಯದಲ್ಲ.

ಧರ್ಮಸಭೆಯೇ ಇದನ್ನು ಕಲಿಸಿದೆ. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ರೋಗಿಗಳನ್ನು ಬಿಟ್ಟು ಹೋಗಲಿಲ್ಲ. ಆದರೆ ಜನರನ್ನು ದೇವಾಲಯದೊಳಗೆ ಗುಂಪುಗೂಡಿಸಲೂ ಇಲ್ಲ. ಬೀದಿಗಳ ಕೂಡುರಸ್ತೆಯಲ್ಲಿ ಪೀಠಗಳನ್ನು ಇರಿಸಿ ಬಲಿಪೂಜೆ ನಡೆಸಿದರು. ಜನ ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತು ಪಾಲ್ಗೊಂಡರು. 2020ರ ಕೊರೊನಾ ಕಾಲದಲ್ಲಿ ನಾವೂ ಮನೆಯಲ್ಲೇ ಕುಳಿತು ಪೂಜೆಯಲ್ಲಿ ಪಾಲ್ಗೊಂಡೆವು. ಒಂದು ಲೋಕಕ್ಕಾಗಿ ಅಂದು ನಾವು ಮಾಡಿದ್ದನ್ನು ಒಂದು ಮಗುವಿಗಾಗಿ ಇಂದು ಮಾಡಲಾರೆವೇ?

ಕಾವಲು ಸೆರೆಮನೆಯಾಗದಿರಲಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರವನ್ನೂ ಹೇಳಬೇಕು. ಭಯಪಟ್ಟ ಪ್ರೀತಿ ಮಗುವನ್ನು ಕೋಣೆಯಲ್ಲಿ ಕೂಡಿಹಾಕುತ್ತದೆ. ಅದು ತಪ್ಪು. ಈ ಮಗುವಿನ ಕೀಲುಗಳಿಗೆ ಆಟ ಬೇಕು, ನಡಿಗೆ ಬೇಕು. ಮನಸ್ಸಿಗೆ ಗೆಳತಿಯರು ಬೇಕು, ಶಾಲೆ ಬೇಕು. ತರಗತಿಯಲ್ಲಿ ಸೀತಾಳೆ ಸಿಡುಬು, ದಡಾರ, ಮಂಗನಬಾವು ಕಂಡರೆ ಕೂಡಲೇ ತಿಳಿಸುವಂತೆ ಮೇಷ್ಟ್ರಿಗೆ ಮೊದಲೇ ಹೇಳಿಡಿ. ಉಳಿದ ದಿನಗಳಲ್ಲಿ ಮಗು ಎಲ್ಲರಂತೆ ಇರಲಿ. ಯಾಜಕಕಾಂಡದಲ್ಲಿ ಚರ್ಮರೋಗದವನನ್ನು ಏಳು ದಿನ ಬೇರೆ ಇಡುವ ಗುರುವೇ ಮತ್ತೆ ಹೋಗಿ ನೋಡಿ, ವಾಸಿಯಾದವನನ್ನು ಪಾಳೆಯಕ್ಕೆ ಮರಳಿ ಕರೆತರುತ್ತಾನೆ. ದೂರ ಇಡುವುದು ಕೆಲವು ದಿನಗಳ ಮಾತು, ಮರಳಿ ಸೇರಿಸಿಕೊಳ್ಳುವುದೇ ಗುರಿ. ನಮ್ಮ ಮನೆಯಲ್ಲಿ ದೂರ ಇರಬೇಕಾದವರು ಜ್ವರ, ಕೆಮ್ಮು ಇರುವ ದೊಡ್ಡವರು. ಮಗುವಲ್ಲ.

ಆರೋಗ್ಯವಾಗಿರುವ ಆ ಅಣ್ಣನನ್ನೂ ಮರೆಯಬೇಡಿ. ಮನೆಯ ಹಣ, ಹೊತ್ತು, ಮಾತು ಎಲ್ಲ ತಂಗಿಯ ಸುತ್ತಲೇ ತಿರುಗುತ್ತದೆ. ಜ್ವರ ಬಂದಾಗ ‘ದೂರ ಹೋಗು’ ಎನ್ನಿಸಿಕೊಳ್ಳುವವನು ಅವನು. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಹೊರಗೆ ಬಂದು ಹಿರಿಯ ಮಗನನ್ನೂ ಬೇಡಿಕೊಂಡದ್ದನ್ನು ನೆನೆಯಿರಿ. ವಾರಕ್ಕೊಂದು ಗಂಟೆ ಅಪ್ಪ ಅವನೊಬ್ಬನ ಜೊತೆ ಕೆರೆಯ ಕಡೆಗೋ ಹೊಲದ ಕಡೆಗೋ ಹೋಗಲಿ. ಅವನಿಂದ ತಂಗಿಗೆ ಸೋಂಕು ತಗುಲಿದರೆ ಅದು ಅವನ ತಪ್ಪಲ್ಲವೆಂದು ಬಾಯಿಬಿಟ್ಟು ಹೇಳಿ. ಮಕ್ಕಳು ಇಂಥ ಭಾರವನ್ನು ಯಾರಿಗೂ ಹೇಳದೆ ಹೊರುತ್ತಾರೆ. ಎಷ್ಟೇ ಕಾವಲಿದ್ದರೂ ಕೆಲವೊಮ್ಮೆ ಸೋಂಕು ಬರುತ್ತದೆ. ಆಗ ತಾಯಿಯೂ ತನ್ನನ್ನು ತಾನೇ ಶಪಿಸಿಕೊಳ್ಳಬಾರದು. ಕಾವಲು ಕಾಯುವುದು ನಮ್ಮ ಪಾಲು. ಉಳಿದದ್ದು ದೇವರ ಕೈಯಲ್ಲಿ.

ಧರ್ಮಕೇಂದ್ರದ ಪಾಲು

ಇದು ಒಂದು ಮನೆಯ ಕೆಲಸವಷ್ಟೇ ಅಲ್ಲ. ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಭಾನುವಾರದ ಪೂಜೆಯ ಕಡ್ಡಾಯವಿಲ್ಲ ಎಂಬುದು ಧರ್ಮಸಭೆಯ ಬೋಧನೆ. ಈ ಮಾತು ತಿಳಿಯದೆ ಎಷ್ಟೋ ತಾಯಂದಿರು ಪಾಪಭೀತಿಯಿಂದ ನರಳುತ್ತಾರೆ. ಗುರುಗಳಿಗೆ ತಿಳಿಸಿದರೆ ಪರಮಪ್ರಸಾದ ಮನೆಗೇ ಬರುತ್ತದೆ. ಪೂಜೆಗೆ ಬರುವ ಮಗುವಿಗೆ ಗಾಳಿಯಾಡುವ ಬಾಗಿಲ ಬಳಿಯ ಬೆಂಚು ಇರಲಿ. ನೆಗಡಿಯಾದ ನಾವು ಸ್ವಲ್ಪ ಸರಿದು ಹಿಂದೆ ನಿಲ್ಲೋಣ. ಶಾಂತ���ಸೂಚನೆಗೆ ಕೈಮುಗಿಯುವ ನಮ್ಮ ನಾಡಿನ ಪದ್ಧತಿಯೇ ಸಾಕು. ಶುಭಶುಕ್ರವಾರ ಶಿಲುಬೆಯನ್ನು ಮುದ್ದಿಡುವ ಬದಲು ಆ ಮಗು ತಲೆಬಾಗಿ ನಮಿಸಿದರೂ ಭಕ್ತಿ ಕಡಿಮೆಯಾಗದು.

ಬೆಂಗಳೂರಿನ ಆಸ್ಪತ್ರೆ ಹಾಸನದಿಂದ ಸುಮಾರು 180 ಕಿಲೋಮೀಟರು. ತಿಂಗಳಿಗೋ ಎರಡು ತಿಂಗಳಿಗೋ ಅಲ್ಲಿಗೆ ಹೋಗುವ ದಿನ ಆ ಮನೆಯ ಹಸುವಿಗೆ ಹುಲ್ಲು ಹಾಕುವವರು ಯಾರು? ಅಣ್ಣನಿಗೆ ಊಟ ಬಡಿಸುವವರು ಯಾರು? ಬಸ್ಸಿನ ಖರ್ಚಿಗೆ ನೂರು ರೂಪಾಯಿ ಕೈಯಲ್ಲಿಡುವವರು ಯಾರು? ಹಾಸಿಗೆಯ ನಾಲ್ಕು ಮೂಲೆಗಳು ಇವೇ. ಹಿಡಿಯಲು ನಾಲ್ವರು ಬೇಕು.

ಪ್ರಿಯರೇ, ಶುಭಸಂದೇಶದ ಆ ನಾಲ್ವರ ಹೆಸರು ನಮಗೆ ಗೊತ್ತಿಲ್ಲ. ಅವರು ಹೆಸರಿಗಾಗಿ ಹೊತ್ತವರಲ್ಲ. ಈ ವಾರ ನಿಮ್ಮ ಬೀದಿಯಲ್ಲಿ ಇಂಥ ಒಂದು ಮಗು ಇದೆಯೇ ಎಂದು ಕೇಳಿ ತಿಳಿಯಿರಿ. ಹೋಗುವ ಮೊದಲು ನಿಮಗೆ ಜ್ವರ, ಕೆಮ್ಮು ಇಲ್ಲವೆಂದು ನೋಡಿಕೊಳ್ಳಿ. ಬಾಗಿಲಲ್ಲಿ ಕೈತೊಳೆದು ಒಳಗೆ ಹೋಗಿ.

ಪ್ರಾರ್ಥಿಸೋಣ: ಪ್ರಭುವೇ, ಎಳೆಯ ಮಕ್ಕಳನ್ನು ನಿಮ್ಮ ಬಳಿಗೆ ಬರಗೊಟ್ಟವರು ನೀವು. ಕೀಲುನೋವಿನಿಂದ ಬೆಳಗನ್ನು ಕಾಣುವ ಮಕ್ಕಳ ಮೇಲೆ ನಿಮ್ಮ ಕೈಯಿಡಿರಿ. ಅವರ ತಾಯಂದಿರಿಗೆ ಧೈರ್ಯವನ್ನೂ, ವೈದ್ಯರಿಗೆ ಜ್ಞಾನವನ್ನೂ, ಬಂಧುಗಳಾದ ನಮಗೆ ಸರಿದು ನಿಲ್ಲುವ ವಿವೇಕವನ್ನೂ ಕೊಡಿರಿ. ನಿಮ್ಮ ಕಡೆಗೆ ಬರುವ ಯಾವ ಮಗುವಿಗೂ ನಾವು ಅಡ್ಡಿಯಾಗದಿರಲಿ. ಆಮೆನ್.